ಮೂರು ಶನಿವಾರ

ಮೂರು ಶನಿವಾರ ನಾವು ಮೀಯಲಿಲ್ಲ.
ಸೌನಾದ ಮೇಲಿನ ಹಲಗೆಯ ಮೇಲೆ,
ಐವತ್ತು ವರ್ಷ ನಾನು ಕೂತು ಬೆವತ ಜಾಗದಲ್ಲಿ,
ಅಂಗಾತ ಮಲಗಿತ್ತು ಡಾಟ್ಸನ್ ಕಾರಿನ ಬಾನೆಟ್ಟು.
"ಎಪ್ಪತ್ತು ಡಿಗ್ರಿ ಅಜ್ಜಿ, ಎಂಟು ಗಂಟೆ,
ಕಲ್ಲಿನ ಮೇಲೆ ಒಂದು ಹನಿ ನೀರೂ ಬೇಡ" ಅಂದಳು ಪಿಹ್ಲಾ.
ನನ್ನ ಮೇಲೆ ನಂಬಿಕೆ ಸಾಲದೆ
ಮರದ ಸೌಟನ್ನೂ ಎತ್ತಿಕೊಂಡು ಹೋದಳು.

ಬಟ್ಟೆ ಬಂದದ್ದು ಡಿಸೆಂಬರಿನಲ್ಲಿ, ರಟ್ಟಿನ ಕೊಳವೆಗೆ ಸುತ್ತಿಕೊಂಡು.
ಕೌಹಾವಾದಲ್ಲಿ ಆಗ ಮಧ್ಯಾಹ್ನ ಮೂರಕ್ಕೇ ಕತ್ತಲೆ.
ಬಿಚ್ಚಿದಾಗ ಮೊದಲು ಮುಟ್ಟಿದ್ದು ನಾನು.
ಚಿಂದಿ ಹರಿದು ಹರಿದು ಜಮಖಾನ ನೇಯ್ದ ಕೈ ಇದು, ಸುಮ್ಮನಿರದು.
ಕಪ್ಪು. ಓರೆಯಾಗಿ ಹಿಡಿದರೆ ಹಾವಿನ ಬೆನ್ನು.
ಎರಡರ ಮೇಲೆ, ಎರಡರ ಕೆಳಗೆ,
ಸಾಲಿಗೊಂದು ಎಳೆ ಪಕ್ಕಕ್ಕೆ ಜರುಗಿ...
"ಇದು ಓರೆನೇಯ್ಗೆ ಕಣೇ!"
"ಕಾರ್ಬನ್ ಫೈಬರ್ ಅಜ್ಜಿ."
ಇರಲಿ. ಹಾಸು ಹಾಸೇ, ಹೊಕ್ಕು ಹೊಕ್ಕೇ.
ನೇಯ್ದವರು ಯಾರು ಅಂದೆ. ಅವಳಿಗೆ ಗೊತ್ತಿಲ್ಲ.
ಕತ್ತರಿ ಹಾಕಿದ್ದೇ ಅಂಚು ಬಿಚ್ಚಿ, ಬೆಕ್ಕಿನ ಮೀಸೆಯಂತೆ ಕೆದರಿತು.
ಮೊದಲು ಟೇಪು ಹಚ್ಚು, ಅದರ ನಡುವೆ ಕತ್ತರಿಸು;
ತಿರುವು ಬಂದಲ್ಲಿ ಬಟ್ಟೆಯನ್ನು ಓರೆಗಿಡು, ತಾನೇ ಬಾಗುತ್ತದೆ.
ಇಷ್ಟನ್ನು ಹೇಳಿಕೊಟ್ಟವಳು ನಾನು. ಬರೆದಿಟ್ಟುಕೊಳ್ಳಿ.

ಮೊದಲ ಸಲ: ಮೈತುಂಬ ಸೂಜಿತೂತು.
ಐಸ್‌ಕ್ರೀಮ್ ಡಬ್ಬಿಯಲ್ಲಿ ಉಳಿದ ರಾಳ ತನ್ನಷ್ಟಕ್ಕೆ ಕಾದು ಹೊಗೆಯೆದ್ದು
ಅವಳಪ್ಪ ತೆರ್ಹೊ ಇಕ್ಕಳದಲ್ಲಿ ಹಿಡಿದು ಹಿಮದೊಳಗೆ ಎಸೆದ.
ವಸಂತದವರೆಗೆ ಅಲ್ಲೊಂದು ಹಳದಿ ಬಿಲ.

ಎರಡನೆಯ ಸಲ: ಒಂದು ಮೂಲೆಗೆ ಮೇಣ ಮರೆತಳು.
ಒಂದೇ ಒಂದು ಮೂಲೆ.
ಬಾನೆಟ್ಟು ಅಚ್ಚನ್ನು ಬಿಡಲೊಲ್ಲದು, ಅಚ್ಚು ಬಾನೆಟ್ಟನ್ನು.
ಅತ್ತಳೋ ಏನೋ. ಉಜ್ಜುವ ಧೂಳಿಗೆಂದು ಮುಖವಾಡ ಹಾಕಿದ್ದಳು,
ಕಾಣಲಿಲ್ಲ.

ಮೂರನೆಯ ಸಲ ಚೀಲದೊಳಗೆ ಹೊದಿಸಿ
ಹಳೇ ಫ್ರಿಜ್ಜಿನ ಕಂಪ್ರೆಸರಿನಿಂದ ಗಾಳಿ ಹೀರಿದಳು.
ಪ್ಲಾಸ್ಟಿಕ್ಕು ಒದ್ದೆ ಅಂಗಿಯಂತೆ ಮೈಗಂಟಿತು.
ಆದರೂ ಎಲ್ಲೋ ಸಣ್ಣಗೆ ಉಸಿರು.
ನನ್ನ ಬಲಗಿವಿಯನ್ನು ಮಗ್ಗ ತಿಂದಿದೆ, ಎಡದ್ದು ಇನ್ನೂ ನನ್ನದೇ.
ಬಗ್ಗಿ, ಅಂಚಿನ ಉದ್ದಕ್ಕೂ ಕಿವಿ ಎಳೆದು
"ಇಲ್ಲಿ" ಅಂದೆ.
ಹೆಬ್ಬೆರಳಲ್ಲಿ ಒತ್ತಿದಳು. ನಿಂತಿತು.

ಭಾನುವಾರ ಬೆಳಿಗ್ಗೆ ಬೆಣೆ ಹೊಡೆದು, ಬೆಣ್ಣೆಚೂರಿ ತೂರಿಸಿ,
ಮೊಣಕಾಲೂರಿ ಎಳೆದಾಗ
ಕೆರೆಯ ಮಂಜುಗಡ್ಡೆ ಸೀಳುವಂಥ ಸದ್ದು.
ಮೀನಿನ ತಕ್ಕಡಿಗೆ ತೂಗುಹಾಕಿದೆವು: ಮೂರು ಕಿಲೋ ಇನ್ನೂರು.
ತಗಡಿನದು ಹದಿನಾಲ್ಕಿತ್ತು.
ತೆರ್ಹೊ ಎರಡು ಬೆರಳಲ್ಲಿ ಎತ್ತಿ, ಇಳಿಸಿ, ಮತ್ತೆ ಎತ್ತಿದ.

ಆಗಲೇ ನಾನು ಅಂಗೈ ಆಡಿಸಿದ್ದು.
ಎಡಗಡೆ, ದೀಪದ ಮೇಲ್ಗಡೆ, ಒಂದು ತಗ್ಗು.
ಹಳೇ ಬಾನೆಟ್ಟಿನಿಂದ ಅಚ್ಚಿಗೆ, ಅಚ್ಚಿನಿಂದ ಇದಕ್ಕೆ,
ಚಾಚೂ ತಪ್ಪದೆ ಇಳಿದು ಬಂದಿದೆ.

ಎಂಬತ್ತೊಂದರ ಮಾರ್ಚ್. ಎಸ್ಕೊ
ಸಂಬಳದ ದಿನ ಸಂಬಳವಿಲ್ಲದೆ ಬಂದಿದ್ದ.
ನನ್ನ ಕೈಯಲ್ಲಿ ಹಿಮ ಸರಿಸುವ ಸಲಿಕೆ ಇತ್ತು.
ಅವನ ತಲೆಗೆ ಬೀಳಬೇಕಾದ್ದು ಕಾರಿಗೆ ಬಿತ್ತು.
ಕೇಳಿದವರಿಗೆಲ್ಲ ಅವನು ಹೇಳಿದ್ದು ಒಂದೇ ಮಾತು,
ಸಾಯುವ ತನಕ:
ಬರ್ಚ್ ಮರದ ಕೊಂಬೆ ಬಿತ್ತು.

"ಇದೇನಜ್ಜಿ ಇಲ್ಲಿ?" ಪಿಹ್ಲಾಳ ಬೆರಳೂ ಅದೇ ಜಾಗಕ್ಕೆ ಬಂದು ನಿಂತಿತ್ತು.
"ಕೊಂಬೆ ಬಿದ್ದಿತ್ತು" ಅಂದೆ. "ಬರ್ಚ್‌ದು."
ಅವಳು ಕಿಟಕಿಯಾಚೆ ನೋಡಿದಳು.
ನಮ್ಮ ಅಂಗಳದಲ್ಲಿ ಇರುವುದು, ಇದ್ದದ್ದು, ಬರೀ ಸ್ಪ್ರೂಸ್.
ಉಜ್ಜುಕಾಗದ ಕೈಯಲ್ಲೇ ಇತ್ತು. ಕೆಳಗಿಟ್ಟಳು.

ಆ ಶನಿವಾರ ಮಿಂದೆವು.
ಹಬೆಯಲ್ಲಿ ಇನ್ನೂ ರಾಳದ ವಾಸನೆ, ಮೂಗಿಗೆ ಕಹಿ.
ಮೇಲಿನ ಹಲಗೆಗೆ ನಾನು ಹತ್ತಿ ಕೂತ ಮೇಲೆ
ಪಿಹ್ಲಾ ಸೌಟು ತಂದು ಕೈಗೆ ಕೊಟ್ಟಳು,
ಹಿಡಿ ನನ್ನ ಕಡೆಗೆ ತಿರುಗಿಸಿ.